ದುಡ್ಡಿದ್ದವರಿಗೆ ಸೀಟಿಲ್ಲದ ಕಾಲೇಜು: ಬೆರಿಯಾದಲ್ಲಿ ಬೆಲ್ ಹುಕ್ಸ್ ಓದು

ನಿಮ್ಮ ಮನೆಯಲ್ಲಿ ಹನ್ನೊಂದನೇ ಕ್ಲಾಸಿನ ಮಗುವೊಂದು ಇದ್ದರೆ, ಅಥವಾ ಆ ಮಗು ನೀವೇ ಆಗಿದ್ದರೆ, ಈ ಬರಹ ಎಲ್ಲಿಂದ ಶುರುವಾಯಿತು ಅನ್ನೋದು ನಿಮಗೆ ಬೇಗ ಅರ್ಥವಾಗುತ್ತದೆ. ಅಮೆರಿಕದ ಕನ್ನಡ ಮನೆಗಳಲ್ಲಿ ಆ ಒಂದು ವರ್ಷ ಊಟದ ಮೇಜಿನ ಮೇಲೆ ಬೇರೆ ಮಾತೇ ಇರುವುದಿಲ್ಲ. ಯಾವ ಕಾಲೇಜಿನ ರ‍್ಯಾಂಕ್ ಎಷ್ಟು, ಫೀಸು ಎಷ್ಟು, ಯಾರ ಮಗನಿಗೆ ಎಲ್ಲಿ ಸಿಕ್ಕಿತು. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ನಾವಿರುವುದು ಓಹಾಯೋ ರಾಜ್ಯದ ಸಿನ್ಸಿನಾಟಿ ಹತ್ತಿರ. ಒಂದು ಶನಿವಾರ ಬೆಳಿಗ್ಗೆ ಮಗಳು, ‘ಇಲ್ಲಿಂದ ಎರಡು ಗಂಟೆ ದೂರದಲ್ಲಿ ಒಂದು ಕಾಲೇಜಿದೆಯಂತೆ, ಯಾರ ಹತ್ತಿರವೂ ಟ್ಯೂಷನ್ ಫೀಸು ತೆಗೆದುಕೊಳ್ಳೋದಿಲ್ಲವಂತೆ, ನೋಡಿಕೊಂಡು ಬರೋಣ್ವಾ?’ ಅಂದಳು. ನಾನು ನಂಬಲಿಲ್ಲ. ಆದರೂ ಹೊರಟೆವು.

ಓಹಾಯೋ ನದಿ ದಾಟಿದರೆ ಕೆಂಟಕಿ. ಒಂದು ಕಾಲಕ್ಕೆ ಈ ನದಿಯ ಉತ್ತರಕ್ಕೆ ಗುಲಾಮಗಿರಿ ಇರಲಿಲ್ಲ, ದಕ್ಷಿಣಕ್ಕೆ ಇತ್ತು. ಲೆಕ್ಸಿಂಗ್ಟನ್ ಸುತ್ತಲಿನ ಕುದುರೆ ಫಾರ್ಮುಗಳು ಮುಗಿದು ನೆಲ ನಿಧಾನವಾಗಿ ಗುಡ್ಡವಾಗತೊಡಗುವ ಕಡೆ, ಅಪಲಾಚಿಯಾ ಬೆಟ್ಟಸಾಲಿನ ಬುಡದಲ್ಲಿ, ಬೆರಿಯಾ ಅನ್ನೋ ಊರಿದೆ. ಜನಸಂಖ್ಯೆ ಸುಮಾರು 15,000. ಅಲ್ಲಿನ ಬೆರಿಯಾ ಕಾಲೇಜಿನಲ್ಲಿ ಓದುವವರು ಸುಮಾರು 1,500. ಸಣ್ಣದು, ಹಳ್ಳಿಗಾಡಿನದು, ಕ್ರೈಸ್ತ ಹಿನ್ನೆಲೆಯದು. ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಅನ್ನುತ್ತಾರಲ್ಲ, ಸಾಹಿತ್ಯ, ವಿಜ್ಞಾನ, ಚರಿತ್ರೆ, ಕಲೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಿಸಿ ಆಮೇಲೆ ಒಂದನ್ನು ಹಿಡಿಯಲು ಬಿಡುವ ಕಾಲೇಜು, ಆ ಜಾತಿಯದು. ಮಗಳು ಕೇಳಿದ್ದು ನಿಜವೇ. 1892ರಿಂದ ಇಲ್ಲಿ ಯಾವ ವಿದ್ಯಾರ್ಥಿಯೂ ಟ್ಯೂಷನ್ ಫೀಸು ಕಟ್ಟಿಲ್ಲ. ಅದಕ್ಕೆ ಬದಲಾಗಿ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಒಂದು ಕೆಲಸ ಮಾಡಬೇಕು. ಲೈಬ್ರರಿ, ತೋಟ, ಆಫೀಸು, ಕಾಲೇಜಿನದೇ ಆದ ಹೋಟೆಲು, ಮಗ್ಗ, ಪೊರಕೆ ಕಟ್ಟುವ ಕಾರ್ಖಾನೆ, ಹೀಗೆ. ಅದಕ್ಕೆ ಸ್ವಲ್ಪ ಕೂಲಿಯೂ ಸಿಗುತ್ತದೆ.

ಆದರೆ ಮಗಳು ಕೇಳಿರದ ಒಂದು ವಿಷಯವೂ ಇತ್ತು. ಇಲ್ಲಿ ಸೀಟು ಸಿಗಬೇಕಾದರೆ ಅಂಕದ ಜೊತೆಗೆ ಬಡತನವೂ ಬೇಕು. ಫೀಸು ಕಟ್ಟುವ ತಾಕತ್ತಿರುವ ಮನೆಯ ಮಕ್ಕಳನ್ನು ಈ ಕಾಲೇಜು ತೆಗೆದುಕೊಳ್ಳುವುದಿಲ್ಲ. ನಮ್ಮಿಬ್ಬರ ಸಂಬಳ ಸೇರಿಸಿದರೆ ಆ ಗೆರೆಯನ್ನು ಯಾವಾಗಲೋ ದಾಟಿಬಿಟ್ಟಿದ್ದೆವು. ನಾನು ಭಾರತದಲ್ಲಿ ದುಡ್ಡಿಲ್ಲದೆ ಸೀಟು ತಪ್ಪಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ದುಡ್ಡಿದೆ ಅನ್ನೋ ಕಾರಣಕ್ಕೆ ಬಾಗಿಲು ಹಾಕಿದ್ದು ಮೊದಲ ಸಲ ನೋಡಿದೆ. ಮಗಳು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಆಮೇಲೆ ಯೋಚನೆ ಮಾಡಿದೆ. ಎಲ್ಲಿಗೆ ಹೋದರೂ ಯೋಗ್ಯತೆ ಇದ್ದರೆ ನಮ್ಮದಾಗುತ್ತದೆ ಅನ್ನೋ ನಂಬಿಕೆಯ ಮೇಲೆ ಈ ದೇಶಕ್ಕೆ ಬಂದವನು ನಾನು. ಇಲ್ಲಿ ನಮಗಾಗಿ ಮಾಡದೇ ಇರುವ ಒಂದು ಒಳ್ಳೆಯ ಜಾಗ ಇತ್ತು.

ಆವತ್ತು ನನ್ನ ಬ್ಯಾಗಿನಲ್ಲಿ ಒಂದು ಪುಸ್ತಕ ಇತ್ತು. ಬೆಲ್ ಹುಕ್ಸ್ ಬರೆದ ‘ಬಿಲಾಂಗಿಂಗ್: ಎ ಕಲ್ಚರ್ ಆಫ್ ಪ್ಲೇಸ್’, 2009ರದು. ಬೆಲ್ ಹುಕ್ಸ್ 2004ರಿಂದ ಇದೇ ಬೆರಿಯಾ ಕಾಲೇಜಿನಲ್ಲಿ ಪಾಠ ಮಾಡಿದವರು, 2021ರ ಡಿಸೆಂಬರ್‌ನಲ್ಲಿ ಇದೇ ಊರಿನಲ್ಲಿ ತೀರಿಕೊಂಡವರು. ಈ ಬರಹ ಆ ಪುಸ್ತಕದ ವಿಮರ್ಶೆ. ಆದರೆ ಕಾಲೇಜನ್ನು ಬಿಟ್ಟು ಪುಸ್ತಕವನ್ನು ಓದಲು ನನ್ನಿಂದ ಆಗಲಿಲ್ಲ. ಪುಸ್ತಕದ ಬಲ ಎಲ್ಲಿದೆ, ಸೋಲು ಎಲ್ಲಿದೆ ಅನ್ನೋದು ಆ ಕಾಲೇಜಿನ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡಾಗಲೇ ನನಗೆ ಕಂಡಿದ್ದು. ಹಾಗಾಗಿ ಮೊದಲು ಆ ಕಥೆ.

ಒಂದೇ ರಕ್ತ ಅನ್ನೋ ಮಾತು

ಬೆರಿಯಾ ಅನ್ನೋ ಹೆಸರು ಬೈಬಲ್ಲಿನದು. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಅನ್ನೋ ಭಾಗದ 17ನೇ ಅಧ್ಯಾಯದಲ್ಲಿ ಆ ಊರು ಬರುತ್ತದೆ. ಕೇಳಿದ್ದನ್ನು ಹಾಗೇ ನಂಬದೆ ಗ್ರಂಥ ತೆರೆದು ತಾಳೆ ನೋಡಿದ ಜನ ಅಲ್ಲಿದ್ದರು ಅಂತ ಕಥೆ. ಭೂಮಿಯ ಮೇಲಿನ ಎಲ್ಲ ಜನರನ್ನೂ ದೇವರು ಒಂದೇ ರಕ್ತದಿಂದ ಮಾಡಿದ ಅನ್ನೋ ಅರ್ಥದ ಮಾತು ಅದೇ ಅಧ್ಯಾಯದಲ್ಲಿದೆ. ಕಾಲೇಜಿನ ಧ್ಯೇಯವಾಕ್ಯ ಅದೇ. ಕನ್ನಡದವರಿಗೆ ಇದು ಹೊಸ ಮಾತಲ್ಲ. ಮನುಷ್ಯರದು ಒಂದೇ ಜಾತಿ ಅಂತ ಪಂಪ ಹತ್ತನೇ ಶತಮಾನದಲ್ಲೇ ಹೇಳಿದ್ದನ್ನು ಪ್ರತಿ ವರ್ಷ ರಾಜ್ಯೋತ್ಸವದ ಭಾಷಣದಲ್ಲಿ ಕೇಳುತ್ತೇವಲ್ಲ. ಹೇಳಿದ ಮೇಲೆ ಏನಾಯಿತು ಅನ್ನೋದು ಭಾಷಣದಲ್ಲಿ ಬರುವುದಿಲ್ಲ, ಅಷ್ಟೇ.

ಬೆರಿಯಾದಲ್ಲಿ ಏನಾಯಿತು ನೋಡಿ. ಜಾನ್ ಫೀ ಅನ್ನೋ ಪಾದ್ರಿ ಹುಟ್ಟಿದ್ದು ಕೆಂಟಕಿಯಲ್ಲೇ, ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯಲ್ಲಿ. ಗುಲಾಮಗಿರಿ ಪಾಪ ಅಂತ ಅವನು ನಿಂತಾಗ ಅಪ್ಪ ಮಗನನ್ನು ದೂರ ಮಾಡಿದ. ಕ್ಯಾಸಿಯಸ್ ಕ್ಲೇ ಅನ್ನೋ ರಾಜಕಾರಣಿ ಕೊಟ್ಟ ಹತ್ತು ಎಕರೆ ಜಾಗದಲ್ಲಿ ಫೀ ಮನೆ ಮಾಡಿದ. 1855ರಲ್ಲಿ ಅಲ್ಲೊಂದು ಒಂದು ಕೋಣೆಯ ಶಾಲೆ ಶುರುವಾಯಿತು. ಭಾನುವಾರ ಅದೇ ಕೋಣೆ ಚರ್ಚು. ಯಾವ ಪಂಗಡದ ಹಣೆಪಟ್ಟಿಯೂ ಇಲ್ಲದ ಕ್ರೈಸ್ತ ಧರ್ಮ, ಗುಲಾಮಗಿರಿಗೆ ವಿರೋಧ, ಬಡವರಿಗೆ ಓದು. ಈ ಮೂರನ್ನೂ ಗುಲಾಮಗಿರಿ ಕಾನೂನುಬದ್ಧವಾಗಿದ್ದ ರಾಜ್ಯದೊಳಗೇ ಕೂತು ಮಾಡಹೊರಟಿದ್ದ. 1859ರ ಡಿಸೆಂಬರ್‌ನಲ್ಲಿ ಬಂದೂಕು ಹಿಡಿದ ಸುಮಾರು ಅರವತ್ತು ಜನ ಕುದುರೆ ಏರಿ ಬಂದು, ಹತ್ತು ದಿನದಲ್ಲಿ ರಾಜ್ಯ ಬಿಡಿ ಅಂತ ಬೆರಿಯಾದ ಜನಕ್ಕೆ ಹೇಳಿದರು. ಅವರು ನದಿ ದಾಟಿ ಓಹಾಯೋ ಕಡೆ ಹೋದರು. ನಾವು ಹೈವೇಯಲ್ಲಿ ಕಾಫಿ ಕುಡೀತಾ ದಾಟಿ ಬಂದ ಅದೇ ನದಿ.

ಅಂತರ್ಯುದ್ಧ ಮುಗಿದ ಮೇಲೆ ಅವರು ವಾಪಸ್ಸು ಬಂದರು. 1866ರಲ್ಲಿ ಶಾಲೆ ಮತ್ತೆ ತೆರೆದಾಗ ಮೊದಲ ವರ್ಷದಲ್ಲಿ 187 ವಿದ್ಯಾರ್ಥಿಗಳು. ಅದರಲ್ಲಿ 96 ಕಪ್ಪು ಜನ, 91 ಬಿಳಿಯರು. ಒಂದು ಕ್ಷಣ ನಿಂತು ಆ ಎರಡು ಅಂಕಿಗಳನ್ನು ನೋಡಿ. ಗುಲಾಮಗಿರಿ ಕಾನೂನು ಪ್ರಕಾರ ಮುಗಿದು ಆಗಿನ್ನೂ ಹೆಚ್ಚೆಂದರೆ ವರ್ಷವಾಗಿತ್ತು. ಅಂಥ ಹೊತ್ತಿನಲ್ಲಿ, ಅಂಥ ನೆಲದಲ್ಲಿ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಮುಂದಿನ ಸುಮಾರು ಇಪ್ಪತ್ತೈದು ವರ್ಷ ಈ ಕಾಲೇಜು ತನ್ನ ಧ್ಯೇಯವಾಕ್ಯವನ್ನು ಅಕ್ಷರಶಃ ಬದುಕಿತು ಅಂತ ಧೈರ್ಯವಾಗಿ ಹೇಳಬಹುದು.

ಪುಕ್ಕಟೆ ಬಾಗಿಲು, ಮುಚ್ಚಿದ ಬಾಗಿಲು

ಆಮೇಲೆ 1892 ಬರುತ್ತದೆ. ಫೀಸಿಲ್ಲದ ಓದಿನ ಲೆಕ್ಕ ಶುರುವಾಗುವ ವರ್ಷ ಅಂತ ಆಗಲೇ ಹೇಳಿದೆ. ವಿಲಿಯಂ ಗುಡೆಲ್ ಫ್ರಾಸ್ಟ್ ಅನ್ನೋರು ಕಾಲೇಜಿನ ಅಧ್ಯಕ್ಷರಾದದ್ದೂ ಅದೇ ವರ್ಷ. ಫ್ರಾಸ್ಟ್ ಕಣ್ಣು ಬಿದ್ದದ್ದು ಬೆಟ್ಟದ ಬಡ ಬಿಳಿಯರ ಮೇಲೆ. 1899ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಅವರೊಂದು ಪ್ರಸಿದ್ಧ ಲೇಖನ ಬರೆದರು. ಅದರ ಶೀರ್ಷಿಕೆಯಲ್ಲೇ ಬೆಟ್ಟದ ಜನರನ್ನು ‘ನಮ್ಮ ಸಮಕಾಲೀನ ಪೂರ್ವಜರು’ ಅಂತ ಕರೆದರು. ಅಂದರೆ, ಇವರು ನಮ್ಮ ಕಾಲದಲ್ಲೇ ಬದುಕಿದ್ದಾರೆ, ಆದರೆ ನಮ್ಮ ಮುತ್ತಜ್ಜಂದಿರ ಹಾಗೆ ಇದ್ದಾರೆ. ಈ ಚಿತ್ರ ಉತ್ತರದ ಶ್ರೀಮಂತರ ಮನಸ್ಸು ಕರಗಿಸಿತು, ದೇಣಿಗೆ ಬಂತು. ಮಗ್ಗ, ಪೊರಕೆ, ಮರಗೆಲಸ ಇವೆಲ್ಲ ಕಾಲೇಜಿನ ಗುರುತಾದದ್ದರ ಹಿಂದೆ ಈ ಕಣ್ಣೋಟವೂ ಇದೆ. ಅದೇ ಹೊತ್ತಿಗೆ ಕಪ್ಪು ವಿದ್ಯಾರ್ಥಿಗಳ ಪಾಲು ಇಳಿಯುತ್ತಾ ಹೋಯಿತು. ಕಾನೂನು ಬಂದು ಅವರನ್ನು ಹೊರಹಾಕುವ ಮೊದಲೇ ಅವರು ತಮ್ಮದೇ ಕಾಲೇಜಿನಲ್ಲಿ ಅಲ್ಪಸಂಖ್ಯಾತರಾಗಿದ್ದರು.

ಫ್ರಾಸ್ಟ್ ಲೇಖನದ ಬಗ್ಗೆ ಓದುವಾಗ ನನಗೆ ನಮ್ಮ ಕನ್ನಡ ಸಂಘದ ವೇದಿಕೆ ನೆನಪಾಯಿತು. ನೀವೂ ನೋಡಿರ್ತೀರಿ. ಥರ್ಮೋಕೋಲಿನ ಗುಡಿಸಲು, ಪ್ಲಾಸ್ಟಿಕ್ ಬಾಳೆಗಿಡ, ಪಂಚೆ ಎತ್ತಿ ಕಟ್ಟಿದ ಮಕ್ಕಳು, ಸೊಂಟದ ಮೇಲೆ ಕೊಡ. ನಾವು ಬಿಟ್ಟು ಬಂದ ಊರಿನವರನ್ನು ನಾವು ಬಿಟ್ಟು ಬಂದ ವರ್ಷದಲ್ಲೇ ನಿಲ್ಲಿಸಿಬಿಡುತ್ತೇವೆ. ಅವರೂ ನಮ್ಮ ಸಮಕಾಲೀನ ಪೂರ್ವಜರು.

1904ರಲ್ಲಿ ಕೆಂಟಕಿ ಶಾಸನಸಭೆ ಒಂದು ಕಾನೂನು ಮಾಡಿತು. ಮಂಡಿಸಿದ ಶಾಸಕನ ಹೆಸರಿನಿಂದ ಅದನ್ನು ಡೇ ಕಾನೂನು ಅನ್ನುತ್ತಾರೆ. ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳಿಗೆ ಒಂದೇ ಸಂಸ್ಥೆಯಲ್ಲಿ ಪಾಠ ಮಾಡುವುದು ಅಪರಾಧ. ಸಂಸ್ಥೆಗೆ 1,000 ಡಾಲರ್ ದಂಡ, ಕಲಿಸಿದವರಿಗೂ ದಂಡ, ಕಲಿತವರಿಗೂ ದಂಡ. ಬೇರೆ ಬೇರೆ ಶಾಖೆ ಮಾಡುವುದಾದರೆ ನಡುವೆ ಕನಿಷ್ಠ 25 ಮೈಲಿ ಅಂತರ ಇರಬೇಕು ಅಂತಲೂ ಬರೆದಿದ್ದರು. ಅಂಥ ಕಾಲೇಜು ಇಡೀ ರಾಜ್ಯದಲ್ಲಿ ಇದ್ದದ್ದು ಇದೊಂದೇ. ಅಂದಮೇಲೆ ಕಾನೂನು ಯಾರಿಗಾಗಿ ಅಂತ ಕೇಳಬೇಕಾಗಿಲ್ಲ.

ಕಾಲೇಜು ಕೋರ್ಟಿಗೆ ಹೋಯಿತು. ಕೆಂಟಕಿಯ ಮೇಲ್ಮನವಿ ಕೋರ್ಟು 25 ಮೈಲಿಯ ಷರತ್ತನ್ನು ತೆಗೆದುಹಾಕಿ ಉಳಿದದ್ದನ್ನು ಎತ್ತಿ ಹಿಡಿಯಿತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಕಾಲೇಜು ಸೋತಿತು. ಸಂಸ್ಥೆಗೆ ಪರವಾನಗಿ ಕೊಟ್ಟದ್ದು ರಾಜ್ಯ, ಅದನ್ನು ಬದಲಾಯಿಸುವ ಅಧಿಕಾರ ರಾಜ್ಯಕ್ಕಿದೆ ಅನ್ನೋ ತಾಂತ್ರಿಕ ಕಾರಣದ ಹಿಂದೆ ಬಹುಮತದ ತೀರ್ಪು ಅಡಗಿ ಕೂತಿತು. ಭಿನ್ನಮತ ಬರೆದವರು ಜಸ್ಟಿಸ್ ಹಾರ್ಲನ್. ಅವರೂ ಕೆಂಟಕಿಯವರೇ, ಒಂದು ಕಾಲಕ್ಕೆ ಅವರ ಮನೆಯಲ್ಲೂ ಗುಲಾಮರಿದ್ದರು. ಇದನ್ನು ಒಪ್ಪಿದರೆ ನಾಳೆ ಸಂಡೇ ಸ್ಕೂಲಿನಲ್ಲಿ, ಸಂತೆಯಲ್ಲಿ ಜನ ಸೇರುವುದನ್ನೂ ಅಪರಾಧ ಅನ್ನಬಹುದಲ್ಲ ಅನ್ನೋದು ಅವರ ವಾದದ ಸಾರ.

ಕಾಲೇಜು ಬಿಳಿಯ ವಿದ್ಯಾರ್ಥಿಗಳನ್ನು ಬೆರಿಯಾದಲ್ಲಿ ಉಳಿಸಿಕೊಂಡಿತು. ಕಪ್ಪು ವಿದ್ಯಾರ್ಥಿಗಳಿಗಾಗಿ ಲೂಯಿವಿಲ್ ಹತ್ತಿರ ಲಿಂಕನ್ ಇನ್‌ಸ್ಟಿಟ್ಯೂಟ್ ಅನ್ನೋ ಬೇರೆ ಶಾಲೆ ಕಟ್ಟಲು ನೆರವಾಯಿತು, ಅದು ತೆರೆದದ್ದು 1912ರಲ್ಲಿ. ಡೇ ಕಾನೂನು ಸಡಿಲವಾಗಿ ಕಪ್ಪು ವಿದ್ಯಾರ್ಥಿಗಳು ಬೆರಿಯಾಕ್ಕೆ ಮತ್ತೆ ಬರಲು ಸಾಧ್ಯವಾದದ್ದು 1950ರಲ್ಲಿ. ನಡುವೆ ನಲವತ್ತಾರು ವರ್ಷ. ಒಂದೇ ರಕ್ತ ಅನ್ನೋ ಮಾತನ್ನು ಧ್ಯೇಯವಾಗಿ ಇಟ್ಟುಕೊಂಡು ಒಂದೇ ಬಣ್ಣದವರಿಗೆ ಪಾಠ ಮಾಡಿದ ನಲವತ್ತಾರು ವರ್ಷ. ಮುಚ್ಚುವ ಮೊದಲು ಹೊರಬಿದ್ದವರಲ್ಲಿ ಒಬ್ಬರು ಕಾರ್ಟರ್ ವುಡ್ಸನ್. ಗುಲಾಮರಾಗಿದ್ದ ತಂದೆ ತಾಯಿಯ ಮಗ, ಕಲ್ಲಿದ್ದಲು ಗಣಿಯಲ್ಲಿ ದುಡಿದವರು, 1903ರಲ್ಲಿ ಬೆರಿಯಾದ ಪದವಿ ಪಡೆದರು. ಅಮೆರಿಕದಲ್ಲಿ ಈಗ ಪ್ರತಿ ಫೆಬ್ರವರಿ ನಿಮ್ಮ ಮಕ್ಕಳ ಶಾಲೆಯಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್ ಮಾಡುತ್ತಾರಲ್ಲ, ಅದರ ಮೂಲ 1926ರಲ್ಲಿ ವುಡ್ಸನ್ ಶುರು ಮಾಡಿದ ವಾರಾಚರಣೆ.

ಪುಸ್ತಕ ಏನು ಹೇಳುತ್ತದೆ

ಬೆಲ್ ಹುಕ್ಸ್ ಹುಟ್ಟಿದ್ದು 1952ರಲ್ಲಿ, ಕೆಂಟಕಿಯ ಪಶ್ಚಿಮ ತುದಿಯ ಕಡೆಯ ಹಾಪ್ಕಿನ್ಸ್‌ವಿಲ್‌ನಲ್ಲಿ. ಹುಟ್ಟಿದ ಹೆಸರು ಗ್ಲೋರಿಯಾ ಜೀನ್ ವಾಟ್ಕಿನ್ಸ್. ಬೆಲ್ ಹುಕ್ಸ್ ಅನ್ನೋದು ತಾಯಿಯ ಕಡೆಯ ಮುತ್ತಜ್ಜಿಯ ಹೆಸರು. ಇಂಗ್ಲಿಷಿನಲ್ಲಿ ಅದನ್ನು ಅವರು ಸಣ್ಣ ಅಕ್ಷರದಲ್ಲೇ ಬರೆಯುತ್ತಿದ್ದರು. ಬರೆದವರಿಗಿಂತ ಬರೆದದ್ದನ್ನು ನೋಡಿ ಅಂತ. ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಅಂತಲೇ ಇಲ್ಲ. ಅವರು ಹಟ ಹಿಡಿದು ಮಾಡಿದ್ದು ನಮ್ಮಲ್ಲಿ ಎಲ್ಲರಿಗೂ ತಾನಾಗಿಯೇ ಸಿಗುತ್ತದೆ. ಆದರೆ ಅವರ ಹಟ ಮಾತ್ರ ಕನ್ನಡದಲ್ಲಿ ಕಾಣುವುದಿಲ್ಲ, ಹಾಗಾಗಿ ಇದನ್ನು ಹೇಳಬೇಕಾಯಿತು.

ಸ್ಟ್ಯಾನ್‌ಫರ್ಡಿನಲ್ಲಿ ಓದಿ, ಯೇಲ್‌ನಲ್ಲಿ, ಓಬರ್ಲಿನ್‌ನಲ್ಲಿ, ನ್ಯೂಯಾರ್ಕಿನಲ್ಲಿ ಪಾಠ ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಹೊರಗಿದ್ದು ಅವರು ಕೆಂಟಕಿಗೆ ಮರಳಿದರು. ‘ಬಿಲಾಂಗಿಂಗ್’ ಆ ಮರಳುವಿಕೆಯ ಪ್ರಬಂಧಗಳ ಪುಸ್ತಕ. ಶೀರ್ಷಿಕೆಗೆ ಕನ್ನಡದಲ್ಲಿ ಒಂದೇ ಪದ ಹುಡುಕಿ ಸೋತೆ. ಸೇರಿದವಳಾಗುವುದು, ನಮ್ಮದಾಗುವುದು, ನಂಟು. ಯಾವುದೂ ಪೂರ್ತಿ ಕೂರುವುದಿಲ್ಲ. ಹತ್ತಿರ ಬರುವ ಮಾತು ‘ನಮ್ಮೂರು’ ಇರಬಹುದು.

ಪುಸ್ತಕದ ಅತ್ಯುತ್ತಮ ಭಾಗಗಳು ವಸ್ತುಗಳ ಬಗ್ಗೆ ಬರೆದವು. ಮನೆ ಮುಂದಿನ ಪೋರ್ಚಿನ ಬಗ್ಗೆ ಒಂದು ಪ್ರಬಂಧ ಇದೆ. ನಮ್ಮ ಜಗಲಿ. ಗಂಡಸರು ಬೀದಿಯಲ್ಲಿ ಸೇರುವ ಊರಿನಲ್ಲಿ ಹೆಂಗಸರು ತಮ್ಮ ಹೊತ್ತು ಕಳೆಯುವ, ಮನೆಗೂ ಲೋಕಕ್ಕೂ ನಡುವೆ ಇರುವ ಜಾಗವಾಗಿ ಅವರು ಅದನ್ನು ನೋಡುತ್ತಾರೆ. ಹಾದುಹೋಗುವವರಿಗೆ ನಮಸ್ಕಾರ ಹೇಳುವುದು ಕೂಡ ಅಲ್ಲಿ ಒಂದು ನಾಗರಿಕತೆ. ಕನ್ನಡದ ಓದುಗರಾದ ನಿಮಗೆ ಇಲ್ಲಿ ಒಂದು ಅನುಕೂಲ ಇದೆ, ಒಂದು ಮುಜುಗರವೂ ಇದೆ. ಜಗಲಿಯ ಸುಖ ನಿಮಗೆ ಗೊತ್ತು. ಆ ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು ಅನ್ನೋದೂ ಗೊತ್ತು.

ಇನ್ನೊಂದು ಪ್ರಬಂಧ ಅಜ್ಜಿ ಹೊಲಿದ ಕ್ವಿಲ್ಟ್‌ಗಳದು, ಅಂದರೆ ಕೌದಿಗಳದು. ಓದು ಬರಹ ಬಾರದ ಅಜ್ಜಿಗೆ ಹಳೇ ಬಟ್ಟೆಯ ತುಂಡುಗಳೇ ಚರಿತ್ರೆ ಬರೆಯುವ ಬಗೆ. ಯಾವ ತುಂಡು ಯಾರ ಲಂಗದ್ದು, ಯಾವ ವರ್ಷದ್ದು ಅನ್ನೋದರಲ್ಲಿ ಮನೆತನದ ಕಥೆ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು, ಅಂದರೆ ಆಫ್ರಿಕಾ ಮೂಲದ ನಮ್ಮ ಕರ್ನಾಟಕದವರು, ಹೊಲಿಯುವ ಕೌದಿಗಳನ್ನು ಈ ಪ್ರಬಂಧದ ಪಕ್ಕದಲ್ಲಿಟ್ಟು ಓದಿ. ಎರಡು ಖಂಡಗಳಿಗೆ ಚದುರಿಹೋದ ಜನ ಒಂದೇ ಬಗೆಯ ಕೆಲಸದಲ್ಲಿ ನೆನಪನ್ನು ಕಾಪಾಡಿಕೊಂಡದ್ದು ಕಾಣುತ್ತದೆ. ತಂಬಾಕಿನ ಬಗ್ಗೆ, ಗಣಿಗಾರಿಕೆಗಾಗಿ ತಲೆ ಹಾರಿಸಿದ ಬೆಟ್ಟಗಳ ಬಗ್ಗೆ ಬರೆದ ಪುಟಗಳೂ ಇಷ್ಟೇ ಗಟ್ಟಿ. ಕೆಂಟಕಿಯ ಬಿಳಿಯ ಲೇಖಕ, ರೈತ ವೆಂಡೆಲ್ ಬೆರಿ ಜೊತೆಗಿನ ಸಂಭಾಷಣೆಯಂತೂ ಪುಸ್ತಕದ ಎದೆ. ತನ್ನ ಮನೆತನ ಗುಲಾಮರನ್ನು ಇಟ್ಟುಕೊಂಡಿದ್ದರ ಗಾಯವನ್ನು ಬೆರಿ 1970ರಲ್ಲೇ ‘ದಿ ಹಿಡನ್ ವೂಂಡ್’ ಪುಸ್ತಕದಲ್ಲಿ ತೆರೆದಿಟ್ಟಿದ್ದರು. ಇಬ್ಬರೂ ಅದೇ ಗಾಯದ ಎರಡು ಕಡೆ ಕೂತು ಮಾತಾಡುತ್ತಾರೆ.

ಎಲ್ಲಿ ಸೋಲುತ್ತದೆ

ಈಗ ದೂರುಗಳು. ಮೊದಲನೆಯದು ಸಣ್ಣದು. ಇಲ್ಲಿನ ಹಲವು ಪ್ರಬಂಧಗಳು ಅವರ ಹಳೆಯ ಪುಸ್ತಕಗಳಿಂದ ಎತ್ತಿಕೊಂಡವು. ಹಾಗಾಗಿ ಅದೇ ಬೆಟ್ಟ, ಅದೇ ಅಜ್ಜಿ, ಅದೇ ಬಾಲ್ಯ ಮತ್ತೆ ಮತ್ತೆ ಹೊಸದಾಗಿ ಪರಿಚಯವಾಗುತ್ತವೆ. ಪ್ರಬಂಧಗಳನ್ನು ಒಂದಕ್ಕೊಂದು ಹೊಲಿಯುವ ಕೆಲಸ, ಅಜ್ಜಿ ಕೌದಿಗೆ ಮಾಡಿದ ಹಾಗೆ, ಇಲ್ಲಿ ಆಗಿಲ್ಲ.

ಎರಡನೆಯದು ದೊಡ್ಡದು. ಬೆಲ್ ಹುಕ್ಸ್ ಮರಳಿದ್ದು ತಮ್ಮ ಊರಿಗಲ್ಲ. ಹಾಪ್ಕಿನ್ಸ್‌ವಿಲ್ ರಾಜ್ಯದ ಒಂದು ಕಡೆ, ಬೆರಿಯಾ ಇನ್ನೊಂದು ಕಡೆ. ಹುಟ್ಟಿದ ಊರಿನಲ್ಲಿ ಬದುಕಲಾರೆ ಅಂತ ಗೊತ್ತಿದ್ದೇ ಅವರು ಬೇರೆ ಊರನ್ನು ಆರಿಸಿಕೊಂಡರು. ಇದು ತಪ್ಪಲ್ಲ. ನಮ್ಮಲ್ಲೂ ವಾಪಸ್ಸು ಹೋಗುವವರು ಹಾಸನದ ಹಳ್ಳಿಗೆ ಹೋಗುವುದಿಲ್ಲ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಹೋಗಿ ‘ಊರಿಗೆ ಬಂದ್ವಿ’ ಅನ್ನುತ್ತಾರೆ. ಆ ‘ಊರಿಗೆ’ ಅನ್ನೋ ಪದದಲ್ಲಿ ಎಷ್ಟು ಆಸೆ ಇದೆ, ಎಷ್ಟು ಸುಳ್ಳಿದೆ ಅಂತ ಬಿಡಿಸಿ ನೋಡುವ ಶಕ್ತಿ ಇದ್ದ ಲೇಖಕಿ ಇವರು. ಆದರೆ ಬಾಲ್ಯದ ಬೆಟ್ಟದ ಬಗ್ಗೆ ಇರುವ ಕಣ್ಣು ಈಗಿನ ಊರಿನ ಬಗ್ಗೆ ಅಷ್ಟು ಚೂಪಾಗಿಲ್ಲ. ಕಾಲೇಜು ಪುಸ್ತಕದಲ್ಲಿ ಹಿನ್ನೆಲೆಯಾಗಿಯೇ ಉಳಿಯುತ್ತದೆ. ತಂಬಾಕಿಗೆ ಸಿಕ್ಕ ಗಮನ ಆ ನಲವತ್ತಾರು ವರ್ಷಕ್ಕೆ ಸಿಗುವುದಿಲ್ಲ. ಪ್ರತ್ಯೇಕ ಶಾಲೆಗಳಲ್ಲಿ ಓದಿ ಬೆಳೆದವರು, ಪ್ರತ್ಯೇಕತೆ ಮಕ್ಕಳಿಗೆ ಏನು ಮಾಡುತ್ತದೆ ಅಂತ ಅಷ್ಟು ಚೆನ್ನಾಗಿ ಬರೆದವರು, ತಾವೇ ಪಾಠ ಮಾಡುತ್ತಿದ್ದ ಕಾಲೇಜು ಒಮ್ಮೆ ತಮ್ಮಂಥವರಿಗೆ ಬಾಗಿಲು ಹಾಕಿತ್ತು ಅನ್ನೋದನ್ನು ಪುಸ್ತಕದ ನಡುವಿಗೆ ತರಬೇಕಿತ್ತು. ತಂದಿದ್ದರೆ ಪುಸ್ತಕ ಇನ್ನೂ ಕಹಿಯಾಗುತ್ತಿತ್ತು, ಇನ್ನೂ ನಿಜವಾಗುತ್ತಿತ್ತು.

ಬಾಗಿಲು ಹಾಕಿದ್ದು ಕಾಲೇಜಲ್ಲ, ಕಾನೂನು ಅಂತ ನೀವು ಹೇಳಬಹುದು. ಹೌದು, ಕೋರ್ಟಿಗೆ ಹೋಗಿ ಹೋರಾಡಿದ ಕಾಲೇಜು ಅದು, ಅದನ್ನು ಮರೆಯಬಾರದು. ಆದರೆ 1892ರಿಂದ 1904ರ ನಡುವಿನ ಹನ್ನೆರಡು ವರ್ಷಕ್ಕೆ ಯಾವ ಶಾಸಕನೂ ಹೊಣೆಯಲ್ಲ. ಬಡವರಿಗೆ ಪುಕ್ಕಟೆ ಓದು ಅನ್ನೋ ಒಳ್ಳೆಯ ಕೆಲಸ ಬೆಳೆಯುತ್ತಿದ್ದಾಗಲೇ, ಯಾವ ಬಡವರು ಅನ್ನೋ ಪ್ರಶ್ನೆಗೆ ಉತ್ತರ ಸದ್ದಿಲ್ಲದೆ ಬದಲಾಯಿತು. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ‘ನಮ್ಮೂರು’ ಅಂದಾಗ ಕೇರಿ ಅದರೊಳಗೆ ಇತ್ತಾ ಅಂತ ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಕಾನೂನೇ ಬೇಕಾಗಿರಲಿಲ್ಲ.

ದುಡ್ಡಿನ ವಿಷಯದಲ್ಲೂ ಇಂಥದ್ದೇ ಒಂದು ಇಕ್ಕಟ್ಟಿದೆ. ಫೀಸಿಲ್ಲದ ಕಾಲೇಜು ನಡೆಯುವುದು ಹೇಗೆ? ಷರತ್ತಿಲ್ಲದೆ ಉಯಿಲಿನಲ್ಲಿ ಬಂದ ದುಡ್ಡನ್ನು ಖರ್ಚು ಮಾಡದೆ ಮೂಲಧನಕ್ಕೆ ಸೇರಿಸಬೇಕು ಅಂತ ಆಡಳಿತ ಮಂಡಳಿ 1920ರಲ್ಲಿ ನಿರ್ಧರಿಸಿತು. ಇವತ್ತು ಆ ನಿಧಿ ನೂರು ಕೋಟಿ ಡಾಲರಿಗೂ ಹೆಚ್ಚು. ಅದರ ಆದಾಯವೇ ಕಾಲೇಜಿನ ದೊಡ್ಡ ಆಸರೆ. ಅಂದರೆ ಬೆಟ್ಟದ ಬಡ ಹುಡುಗಿಯ ಓದು ಷೇರು ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿಕೊಂಡಿದೆ. ಅವಳು ಪೊರಕೆ ಕಟ್ಟುವ ಹತ್ತು ಗಂಟೆ ನಿಜವಾದ ಕೆಲಸವೇ, ಆದರೆ ಬರೀ ಅದರಿಂದ ಕಾಲೇಜು ನಡೆಯುವುದಿಲ್ಲ. ನೆಲ, ಬಂಡವಾಳ, ದುಡಿಮೆಗಳ ಸಂಬಂಧದ ಬಗ್ಗೆ ಜೀವನವಿಡೀ ಬರೆದ ಬೆಲ್ ಹುಕ್ಸ್ ಇದನ್ನು ಬಿಡಿಸಿದ್ದರೆ ಚೆನ್ನಾಗಿತ್ತು ಅಂತ ಅನಿಸುತ್ತದೆ.

ಆದರೂ ಯಾಕೆ ಓದಬೇಕು

ಇಷ್ಟೆಲ್ಲ ಹೇಳಿದ ಮೇಲೂ ಈ ಪುಸ್ತಕವನ್ನು ನಿಮ್ಮ ಕೈಗೆ ಕೊಡುತ್ತೇನೆ. ಪುಸ್ತಕ ಬಂದ ಮೇಲೆ ಅವರು ಇನ್ನೂ ಹನ್ನೆರಡು ವರ್ಷ ಅದೇ ಊರಿನಲ್ಲಿ ಇದ್ದರು. ದೊಡ್ಡ ನಗರದ ದೊಡ್ಡ ವಿಶ್ವವಿದ್ಯಾಲಯಗಳಿಗೆ ವಾಪಸ್ಸು ಹೋಗಲಿಲ್ಲ. ತಮ್ಮನ್ನು ಬೌದ್ಧ-ಕ್ರೈಸ್ತೆ ಅಂತ ಕರೆದುಕೊಂಡಿದ್ದ ಅವರು, ಪಂಗಡದ ಪಟ್ಟಿ ಬೇಡ ಅಂದ ಫೀ ಕಟ್ಟಿದ ಜಾಗದಲ್ಲಿ ಪಾಠ ಮಾಡಿದರು. ತಮ್ಮ ಕಾಗದಪತ್ರಗಳನ್ನು ಆ ಸಣ್ಣ ಕಾಲೇಜಿಗೇ ಕೊಟ್ಟರು. ಒಂದು ಕಾಲಕ್ಕೆ ಕಪ್ಪು ವಿದ್ಯಾರ್ಥಿಗಳನ್ನು ಬೇರೆಡೆಗೆ ಕಳಿಸಿದ ಊರಿಗೆ ಈಗ ಒಬ್ಬ ಕಪ್ಪು ಲೇಖಕಿಯ ಹಸ್ತಪ್ರತಿ ಓದಲು ಜನ ಬರಬೇಕು. ಪುಸ್ತಕದಲ್ಲಿ ಬರೆಯದೇ ಬಿಟ್ಟ ಅಧ್ಯಾಯಕ್ಕೆ ಇದು ಪೂರ್ತಿ ಬದಲಿಯಲ್ಲ. ಆದರೆ ಒಂದು ಉತ್ತರವಂತೂ ಹೌದು.

ಇಲ್ಲೇ ಹುಟ್ಟಿ ಬೆಳೆದ, ಕನ್ನಡವನ್ನು ತಡವರಿಸಿ ಓದುವ ನಿಮಗೆ ಒಂದು ಮಾತು. ‘ನೀನು ನಿಜವಾಗಿ ಯಾವ ಊರಿನವಳು’ ಅಂತ ನಿಮ್ಮನ್ನು ಎರಡೂ ಕಡೆ ಕೇಳುತ್ತಾರೆ. ಹುಟ್ಟಿದ್ದರಿಂದ ಊರು ನಮ್ಮದಾಗುತ್ತದೆ ಅನ್ನೋರು ಒಂದು ಕಡೆ, ಒಳ್ಳೆಯ ಮಾತುಗಳನ್ನು ಗೋಡೆಗೆ ಬರೆದರೆ ಆಗುತ್ತದೆ ಅನ್ನೋರು ಇನ್ನೊಂದು ಕಡೆ. ಬೆರಿಯಾ ನೋಡಿ ಬಂದ ಮೇಲೆ ನನಗೆ ಎರಡೂ ಸಾಲದು ಅನಿಸಿದೆ. ಒಂದು ಜಾಗ ತನ್ನ ಮಾತು ಯಾವಾಗ ತಪ್ಪಿತು, ಯಾರಿಗೆ ತಪ್ಪಿತು, ಎಷ್ಟು ವರ್ಷ ತಪ್ಪಿತು ಅಂತ ಲೆಕ್ಕ ತಿಳಿದುಕೊಂಡು, ಆಮೇಲೂ ಅಲ್ಲಿ ಉಳಿದು ಕೆಲಸ ಮಾಡುವವರಿಗೆ ಅದು ಊರಾಗಬಹುದು. ನೀವು ಅಮೆರಿಕವನ್ನು ನಮ್ಮದು ಅಂದರೂ, ಕರ್ನಾಟಕವನ್ನು ನಮ್ಮದು ಅಂದರೂ, ಆ ಲೆಕ್ಕ ನಿಮ್ಮ ಪಾಲಿಗೂ ಬರುತ್ತದೆ.

ಓದುವುದಾದರೆ ಮೊದಲ ಪುಟದಿಂದ ಶುರು ಮಾಡಬೇಡಿ. ಪೋರ್ಚಿನ ಪ್ರಬಂಧ ಮೊದಲು, ಆಮೇಲೆ ಕ್ವಿಲ್ಟಿನದು, ಆಮೇಲೆ ವೆಂಡೆಲ್ ಬೆರಿ ಜೊತೆಗಿನ ಮಾತುಕತೆ. ಉಳಿದದ್ದು ಬೇಕಾದರೆ ಓದಿ. ಕನ್ನಡದಲ್ಲೇ ಕೇಳಿ ಅಭ್ಯಾಸ ಇರುವ ಅಜ್ಜಿ ತಾತ ಮನೆಯಲ್ಲಿದ್ದರೆ, ಕ್ವಿಲ್ಟಿನ ಪ್ರಬಂಧವನ್ನು ಅವರಿಗೆ ನಿಮ್ಮ ಕನ್ನಡದಲ್ಲಿ ಹೇಳಿ. ಅವರ ಕಡೆಯಿಂದ ಒಂದು ಕೌದಿಯ ಕಥೆ ಹೊರಬಂದೇ ಬರುತ್ತದೆ. ಆ ಕಥೆಯಲ್ಲಿ ಜಗಲಿ ಬಂದರೆ, ಅಂಗಳದಲ್ಲಿ ಯಾರು ನಿಂತಿದ್ದರು ಅಂತಲೂ ಕೇಳಿ.

ನಮ್ಮ ಮಗಳು ಕಾಲೇಜಿನ ಅಂಗಡಿಯಲ್ಲಿ ಒಂದು ಸಣ್ಣ ಪೊರಕೆ ಕೊಂಡಳು. ಅವಳದೇ ವಯಸ್ಸಿನ ಯಾರೋ ವಾರದ ತಮ್ಮ ಹತ್ತು ಗಂಟೆಯಲ್ಲಿ ಕಟ್ಟಿದ್ದು. ಮನೆಗೆ ಬಂದ ಮೇಲೆ ನಾನು ಅದನ್ನು ಗೋಡೆಗೆ ನೇತುಹಾಕಲು ಹೋದೆ. ‘ಅಪ್ಪಾ, ಅದು ಗುಡಿಸೋಕೆ’ ಅಂದಳು. ಈಗ ಅಡುಗೆಮನೆಯಲ್ಲಿದೆ, ಅವಳೇ ಗುಡಿಸುತ್ತಾಳೆ.